ತಿರುಗುವ ತಟ್ಟೆಗೆ ಕಡಿವಾಣ ಹಾಕಿದ ಲ್ಯಾಂಚೆಸ್ಟರ್

ಬೈಕ್ ಅಥವಾ ಕಾರು ಕೊಳ್ಳುವಾಗ ನಾವೆಲ್ಲ ಮೊದಲು ಕೇಳುವುದು ಮೈಲೇಜ್ ಎಷ್ಟು, ಪಿಕಪ್ ಹೇಗೆ ಎಂದು. ಚೆನ್ನಾಗಿ ನಿಲ್ಲುತ್ತದೆಯೇ ಎಂದು ಕೇಳುವವರು ಕಡಿಮೆ. ಗಾಡಿ ಓಡುವಂತೆ ಮಾಡಿದವರ ಹೆಸರು ನಮಗೆ ಗೊತ್ತು. ಬೆಂಜ್, ಡೈಮ್ಲರ್, ಫೋರ್ಡ್ ಎಂದು ಪಟಪಟನೆ ಹೇಳುತ್ತೇವೆ. ಅದು ನಿಲ್ಲುವಂತೆ ಮಾಡಿದವರು ಯಾರು ಎಂದರೆ ತಲೆ ಕೆರೆದುಕೊಳ್ಳುತ್ತೇವೆ. ಇಂದು ನಮ್ಮ ಗಾಡಿಗಳ ಚಕ್ರದೊಳಗೆ ಮಿನುಗುವ ಡಿಸ್ಕ್ ಬ್ರೇಕಿಗೆ 1902ರಷ್ಟು ಹಿಂದೆಯೇ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್.

ಈತನ ಬೆನ್ನು ಹತ್ತಲು ನನಗೆ ಒಂದು ಕಾರಣವಿತ್ತು. ನಮ್ಮ ಮನೆಯ ಹನ್ನೊಂದು ವರ್ಷದ ಸಣ್ಣ ಕಾರಿಗೆ ಹೊಸ ಡಿಸ್ಕ್ ಹಾಕಿಸಬೇಕಿತ್ತು. ವಾರವಿಡೀ ಆ ಕಾರಿನಲ್ಲಿ ಅಮ್ಮ ಮೈಸೂರಿನಿಂದ ತನ್ನ ಶಾಲೆಗೆ ಹೋಗಿ ಬರುತ್ತಾಳೆ. ವರ್ಷಕ್ಕೆ ಒಂದೆರಡು ಬಾರಿ ನಾನು ಅದನ್ನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿಗೆ ಒಯ್ಯುತ್ತೇನೆ. ಕಾರು ಒಂದೇ, ಕೆಲಸ ಎರಡು. ಯಾವ ಡಿಸ್ಕ್ ಹಾಕಿಸಬೇಕು ಎಂದು ಹುಡುಕುತ್ತಾ ಹೋದಾಗ, ಈ ವಸ್ತುವನ್ನು ಮೊದಲು ಯೋಚಿಸಿದ್ದು ಯಾರು ಎಂಬ ಕುತೂಹಲ ಹುಟ್ಟಿತು. ಡಿಸ್ಕ್ ಆಯ್ಕೆಗಿಂತ ಆ ಮನುಷ್ಯನ ಕಥೆಯೇ ನನ್ನನ್ನು ಹೆಚ್ಚು ಹಿಡಿದು ಕೂರಿಸಿತು.

ಡಿಗ್ರಿ ಇಲ್ಲದ ಎಂಜಿನಿಯರ್

ಲ್ಯಾಂಚೆಸ್ಟರ್ ಹುಟ್ಟಿದ್ದು 1868ರ ಅಕ್ಟೋಬರ್ 23ರಂದು, ಲಂಡನ್ನಿನ ಲೂಯಿಶಾಮ್‌ನಲ್ಲಿ. ಅಪ್ಪ ವಾಸ್ತುಶಿಲ್ಪಿ. ಅಮ್ಮ ಲ್ಯಾಟಿನ್ ಮತ್ತು ಗಣಿತ ಕಲಿಸುತ್ತಿದ್ದಳು. ಹುಡುಗ ಶಾಲೆಯಲ್ಲಿ ಎದ್ದು ಕಾಣುವ ವಿದ್ಯಾರ್ಥಿಯೇನೂ ಆಗಿರಲಿಲ್ಲ. ಮುಂದೆ ವಿದ್ಯಾರ್ಥಿವೇತನ ಸಿಕ್ಕಿ ಸೌತಾಂಪ್ಟನ್ನಿನಲ್ಲಿ, ಆಮೇಲೆ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಓದಿದ. ಅಲ್ಲಿನ ಪಾಠದಲ್ಲಿ ಯಂತ್ರಗಳ ಕೆಲಸ ಸಾಕಷ್ಟಿಲ್ಲ ಎನಿಸಿ ಸಂಜೆ ತರಗತಿಗಳಿಗೂ ಹೋದ. ಕೊನೆಗೆ ಯಾವ ಡಿಗ್ರಿಯನ್ನೂ ಪಡೆಯದೆ ಓದು ಮುಗಿಸಿದ. ಸ್ವಲ್ಪ ಕಾಲ ಪೇಟೆಂಟ್ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದ.

1889ರಲ್ಲಿ ಬರ್ಮಿಂಗ್‌ಹ್ಯಾಮಿನ ಗ್ಯಾಸ್ ಎಂಜಿನ್ ಕಾರ್ಖಾನೆಯೊಂದರಲ್ಲಿ ವಾರಕ್ಕೆ ಒಂದು ಪೌಂಡ್ ಸಂಬಳದ ಕೆಲಸ ಸಿಕ್ಕಿತು. ಅವನ ಬದುಕಿನಲ್ಲಿ ನನಗೆ ತುಂಬಾ ಇಷ್ಟವಾದ ಘಟನೆ ನಡೆದದ್ದು ಇಲ್ಲೇ. ಕೆಲಸದ ಕರಾರುಪತ್ರದಲ್ಲಿ ಒಂದು ಷರತ್ತಿತ್ತು. ನೌಕರಿಯಲ್ಲಿದ್ದಾಗ ಆತ ಮಾಡುವ ಯಾವುದೇ ತಾಂತ್ರಿಕ ಸುಧಾರಣೆ ಕಂಪನಿಗೇ ಸೇರಬೇಕು ಎಂಬುದು. ಇಪ್ಪತ್ತರ ಆಸುಪಾಸಿನ ಆ ಹುಡುಗ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಆಮೇಲೆ ಸಹಿ ಹಾಕಿದ! ಅದು ಬರೀ ಹುಡುಗಾಟವಾಗಿರಲಿಲ್ಲ. ಎಂಜಿನ್ ವೇಗವನ್ನು ಹದದಲ್ಲಿಡುವ ಗವರ್ನರ್ ಒಂದನ್ನು ಆತ ಅಲ್ಲಿಯೇ ರೂಪಿಸಿದ. ಮಾರಾಟವಾದ ಒಂದೊಂದು ಎಂಜಿನ್ನಿಗೂ ಹತ್ತು ಶಿಲ್ಲಿಂಗ್ ಗೌರವಧನ ಬಂತು. ಎಂಜಿನ್ ತಾನಾಗಿ ಚಾಲೂ ಆಗುವ ಉಪಕರಣದ ಹಕ್ಕನ್ನೂ ಮಾರಿ ಹಣ ಮಾಡಿಕೊಂಡ. ಕ್ಯಾಂಪಸ್ ಸೆಲೆಕ್ಷನ್ನಿನಲ್ಲಿ ಕೈಗೆ ಬಂದ ಕಾಗದಕ್ಕೆಲ್ಲ ಕಣ್ಣುಮುಚ್ಚಿ ಸಹಿ ಹಾಕುವ ನಮ್ಮ ವಯಸ್ಸಿನವರು ಈ ಒಂದು ಸಂಗತಿಯನ್ನಾದರೂ ನೆನಪಿಟ್ಟುಕೊಳ್ಳಬೇಕು.

ಕುದುರೆ ಇಲ್ಲದ ಬಂಡಿಯಲ್ಲ, ಕಾರು

ಆಗ ಯುರೋಪಿನಲ್ಲಿ ಮೋಟಾರು ಗಾಡಿಗಳು ಬರಲಾರಂಭಿಸಿದ್ದವು. ಹೆಚ್ಚಿನವರು ಮಾಡುತ್ತಿದ್ದದ್ದು ಇಷ್ಟೆ: ಕುದುರೆ ಗಾಡಿಯಿಂದ ಕುದುರೆ ಬಿಚ್ಚಿ ಎಂಜಿನ್ ಕೂರಿಸುವುದು. ಲ್ಯಾಂಚೆಸ್ಟರ್‌ಗೆ ಅದು ಹಿಡಿಸಲಿಲ್ಲ. ಕಾರನ್ನು ಕಾರು ಎಂದೇ ಮೊದಲಿನಿಂದ ಯೋಚಿಸಬೇಕು ಎಂದು ಹೊರಟ. ಮೊದಲು ತಾನೇ ಮಾಡಿದ ಪೆಟ್ರೋಲ್ ಎಂಜಿನ್ನನ್ನು ದೋಣಿಯೊಂದಕ್ಕೆ ಜೋಡಿಸಿ 1894ರಲ್ಲಿ ಆಕ್ಸ್‌ಫರ್ಡಿನ ಬಳಿ ನೀರಿಗಿಳಿಸಿದ. 1896ರಲ್ಲಿ ಅವನ ಮೊದಲ ಕಾರು ರಸ್ತೆಗಿಳಿಯಿತು. ಎಂಜಿನ್ ನಡುಗದಿರಲೆಂದು ಅದರಲ್ಲಿ ಒಂದಕ್ಕೊಂದು ಎದುರಾಗಿ ತಿರುಗುವ ಎರಡು ಕ್ರ್ಯಾಂಕ್‌ಶಾಫ್ಟ್ ಇಟ್ಟಿದ್ದ. ಮುಂದೆ ಇದೇ ಆಲೋಚನೆಯ ಜಾಡಿನಲ್ಲಿ ಎಂಜಿನ್ ಕಂಪನ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್‌ಗಳನ್ನು ರೂಪಿಸಿದ. ನಾಲ್ಕು ಸಿಲಿಂಡರಿನ ಅನೇಕ ಎಂಜಿನ್‌ಗಳಲ್ಲಿ ಅವು ಇವತ್ತಿಗೂ ಇವೆ.

1899ರ ಕೊನೆಯಲ್ಲಿ ತಮ್ಮಂದಿರೂ ಜೊತೆ ಸೇರಿ ಲ್ಯಾಂಚೆಸ್ಟರ್ ಎಂಜಿನ್ ಕಂಪನಿ ಶುರುವಾಯಿತು. ಒಂದು ಕಾರಿನ ಬಿಡಿಭಾಗ ಇನ್ನೊಂದಕ್ಕೂ ಹಾಗೆಯೇ ಹೊಂದಬೇಕು ಎಂಬುದು ಆತನ ಹಟ. ಫಿಟ್ಟರ್ ಅರ ಹಿಡಿದು ಉಜ್ಜಿ ಉಜ್ಜಿ ಕೂರಿಸುವ ಕಾಲ ಅದು. ಈತನೋ ಅಳತೆಯ ಗೇಜ್‌ಗಳನ್ನು ಮಾಡಿಸಿದ. ಬೇಕಾದ ಗೇರ್ ಕತ್ತರಿಸುವ ಯಂತ್ರ ಪೇಟೆಯಲ್ಲಿ ಇಲ್ಲವೆಂದಾಗ ಆ ಯಂತ್ರವನ್ನೂ ತಾನೇ ವಿನ್ಯಾಸ ಮಾಡಿದ. ನಾವು ಇಂದು ಅಂಗಡಿಗೆ ಹೋಗಿ ಕಾರಿನ ಹೆಸರು, ವರ್ಷ ಹೇಳಿ ಡಿಸ್ಕ್ ಕೇಳಿದರೆ ಅಳತೆಗೆ ಸರಿಯಾದದ್ದು ಡಬ್ಬಿಯಲ್ಲಿ ಬರುತ್ತದಲ್ಲ, ಅದರ ಹಿಂದೆ ಇರುವುದು ಇಂಥದ್ದೇ ಹಟ.

ಮುಂಬೈಯಲ್ಲಿ ಹುಟ್ಟಿದ ಸಾಹಿತಿ ರುಡ್ಯಾರ್ಡ್ ಕಿಪ್ಲಿಂಗ್ ಲ್ಯಾಂಚೆಸ್ಟರ್ ಕಾರಿನ ಮೊದಮೊದಲ ಗಿರಾಕಿಗಳಲ್ಲಿ ಒಬ್ಬ. ನಮ್ಮ ದೇಶದ ರಾಜರಿಗೂ ಈ ಕಾರಿನ ಮೋಹ ಹತ್ತಿತ್ತು. ಕ್ರಿಕೆಟಿಗ ರಣಜಿತ್‌ಸಿನ್ಹಜಿ ನವಾನಗರದ ದೊರೆಯಾಗಿದ್ದಾಗ ಅವರ ಬಳಿ ಹಲವು ಲ್ಯಾಂಚೆಸ್ಟರ್‌ಗಳಿದ್ದವು. ಅಲ್ವರ್ ಮಹಾರಾಜ 1924ರಲ್ಲಿ ರಾಜರಥದಂತೆ ಕಾಣುವ ಲ್ಯಾಂಚೆಸ್ಟರ್ ಮಾಡಿಸಿಕೊಂಡಿದ್ದ. ಇನ್ನೊಂದು ನಂಟು ನನಗೆ ಅಚ್ಚರಿ ತಂದಿತು. ಜೋಧಪುರದ ಉಮೇದ್ ಭವನ ಅರಮನೆಯನ್ನು ವಿನ್ಯಾಸ ಮಾಡಿದ ಹೆನ್ರಿ ವಾನ್ ಲ್ಯಾಂಚೆಸ್ಟರ್ ಈತನ ಸ್ವಂತ ಅಣ್ಣ!

ತಾಮ್ರದ ಕಿರುಚಾಟ

ಈಗ ಬ್ರೇಕಿನ ವಿಷಯಕ್ಕೆ ಬರೋಣ. ಆ ಕಾಲದ ಬ್ರೇಕುಗಳೆಂದರೆ ಚಕ್ರದ ಮೇಲೆ ಒತ್ತುವ ಮರದ ತುಂಡು, ಇಲ್ಲವೇ ಡ್ರಮ್ಮಿನ ಸುತ್ತ ಬಿಗಿಯುವ ಪಟ್ಟಿ. ಲ್ಯಾಂಚೆಸ್ಟರ್ ಬೇರೆ ದಾರಿ ಹಿಡಿದ. ಚಕ್ರದ ಜೊತೆ ತಿರುಗುವಂತೆ ತೆಳುವಾದ ಲೋಹದ ತಟ್ಟೆಯೊಂದನ್ನು ಬಿಗಿ, ನಿಲ್ಲಿಸಬೇಕಾದಾಗ ಅದರ ಅಂಚನ್ನು ಎರಡು ಕಡೆಯಿಂದ ಇಕ್ಕಳದಂತೆ ಹಿಡಿ. 1902ರ ಪೇಟೆಂಟಿನ ತಿರುಳು ಇಷ್ಟೆ. ಇಂದಿನ ಡಿಸ್ಕ್, ಕ್ಯಾಲಿಪರ್, ಪ್ಯಾಡ್ ಮೂರೂ ಅದರಲ್ಲಿವೆ.

ಆಲೋಚನೆ ಸರಿಯಿತ್ತು, ಆದರೆ ಅದಕ್ಕೆ ತಕ್ಕ ವಸ್ತು ಇರಲಿಲ್ಲ. ಪ್ಯಾಡಿನ ಜಾಗದಲ್ಲಿ ಆತ ಬಳಸಬೇಕಾಗಿ ಬಂದದ್ದು ತಾಮ್ರ. ಲೋಹದ ಮೇಲೆ ಲೋಹ ಉಜ್ಜಿದರೆ ಏನಾಗುತ್ತದೆ? ಬೀದಿಯೇ ತಿರುಗಿ ನೋಡುವಂಥ ಕಿರುಚಾಟ. ಆಗಿನ ರಸ್ತೆಗಳೂ ಬರೀ ಮಣ್ಣು, ಧೂಳು. ಆ ಧೂಳು ಸಾಣೆಯಂತೆ ಕೆಲಸ ಮಾಡಿ ತಾಮ್ರ ಬೇಗ ಸವೆಯುತ್ತಿತ್ತು. ಮುಂದೆ ಹರ್ಬರ್ಟ್ ಫ್ರೂಡ್ ಎಂಬಾತ ಕಲ್ನಾರಿನ ಲೈನಿಂಗ್ ತಂದಾಗ ಸದ್ದು ಅಡಗಿತು, ಬಾಳಿಕೆ ಹೆಚ್ಚಿತು. ಆದರೆ ಅಷ್ಟು ಹೊತ್ತಿಗೆ ಕಾರಿನ ಲೋಕ ಡ್ರಮ್ ಬ್ರೇಕಿನ ಕಡೆ ವಾಲಿತ್ತು. ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕಿಗೆ ಪೇಟೆಂಟ್ ಪಡೆದದ್ದೂ ಅದೇ 1902ರಲ್ಲಿ. ಧೂಳು ಒಳಹೋಗದ, ಮುಚ್ಚಿದ ಡ್ರಮ್ಮೇ ಆ ರಸ್ತೆಗಳಿಗೆ ಒಪ್ಪಿತು. ಡಿಸ್ಕ್ ಸುಮಾರು ಅರ್ಧ ಶತಮಾನ ಮೂಲೆಗೆ ಸರಿಯಿತು.

ಒಂದು ಲೀಟರ್ ನೀರಿನ ಲೆಕ್ಕ

ಡಿಸ್ಕ್ ಮತ್ತೆ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಶಾಖ. ಬ್ರೇಕ್ ವೇಗವನ್ನು ಮಾಯ ಮಾಡುವುದಿಲ್ಲ, ಅದನ್ನು ಶಾಖವಾಗಿ ಬದಲಿಸುತ್ತದೆ ಅಷ್ಟೆ. ಪಿಯುಸಿ ಭೌತವಿಜ್ಞಾನದ ಸೂತ್ರವನ್ನೇ ಹಾಕಿ ನೋಡಿ. 1000 ಕೆ.ಜಿ. ತೂಕದ ಕಾರು 100 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಸುಮಾರು 386 ಕಿಲೋಜೌಲ್ ಶಾಖ ಹುಟ್ಟುತ್ತದೆ. ಒಂದು ಲೀಟರಿಗೂ ಸ್ವಲ್ಪ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಅಂದರೆ ಮನೆಮಂದಿಗೆಲ್ಲ ಚಹಾ ಮಾಡುವಷ್ಟು ಬಿಸಿ, ಕೆಲವೇ ಸೆಕೆಂಡುಗಳಲ್ಲಿ! ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಈ ಶಾಖದ ಬಹುಪಾಲು ಹೋಗುವುದು ಮುಂದಿನ ಎರಡು ಡಿಸ್ಕ್‌ಗಳಿಗೆ.

ಡ್ರಮ್ ಬ್ರೇಕಿನಲ್ಲಿ ಈ ಬಿಸಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಡ್ರಮ್ ಬಿಸಿಗೆ ಹಿಗ್ಗಿ ಒಳಗಿನ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ತೆರೆದ ಡಿಸ್ಕಿಗೆ ಗಾಳಿ ನೇರವಾಗಿ ಬಡಿಯುತ್ತದೆ, ಬಿಸಿಗೆ ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಕಾರುಗಳು ನಿಧಾನವಾಗಿದ್ದಷ್ಟು ದಿನ ಈ ವ್ಯತ್ಯಾಸ ಯಾರಿಗೂ ಬೇಕಿರಲಿಲ್ಲ. ವೇಗ ಹೆಚ್ಚಿದಾಗ ಅದೇ ಗೆಲುವು ಸೋಲನ್ನು ನಿರ್ಧರಿಸಿತು. 1953ರ ಲ ಮಾನ್ 24 ಗಂಟೆಗಳ ಸ್ಪರ್ಧೆಯಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ್ದ ಜಾಗ್ವಾರ್ ಸಿ-ಟೈಪ್ ಕಾರು ಗೆದ್ದಿತು. ಆ ಸ್ಪರ್ಧೆಯಲ್ಲಿ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಅದೇ ಮೊದಲು. ಉದ್ದನೆಯ ನೇರ ದಾರಿಯ ಕೊನೆಯಲ್ಲಿ ಎದುರಾಳಿಗಳಿಗಿಂತ ತಡವಾಗಿ ಬ್ರೇಕ್ ಒತ್ತಿ, ಪ್ರತಿ ಸುತ್ತಿನಲ್ಲೂ ಅದು ಹಾಗೇ ಕೆಲಸ ಮಾಡುತ್ತದೆಂದು ನಂಬಬಹುದಿತ್ತು. 1955ರಲ್ಲಿ ಸಿಟ್ರೊಯೆನ್ ಡಿಎಸ್ ಕಾರು ಮುಂದಿನ ಚಕ್ರಗಳಿಗೆ ಡಿಸ್ಕ್ ಹೊತ್ತು ಜನಸಾಮಾನ್ಯರ ರಸ್ತೆಗೂ ಬಂತು. ಲ್ಯಾಂಚೆಸ್ಟರ್ ತೀರಿಕೊಂಡು ಆಗ ಒಂಬತ್ತು ವರ್ಷವಾಗಿತ್ತು.

ತೂತಿನದೋ, ಗೆರೆಯದೋ, ಸಾದಾದೋ?

ಅವನ ತಾಮ್ರದ ಕಥೆ ತಿಳಿದ ಮೇಲೆ ನನ್ನ ಡಿಸ್ಕ್ ಆಯ್ಕೆಯ ಪ್ರಶ್ನೆಯೇ ಬದಲಾಯಿತು. ಯಾವುದು ಒಳ್ಳೆಯ ಡಿಸ್ಕ್ ಎಂದು ಕೇಳುವ ಬದಲು, ಯಾವ ರಸ್ತೆಗೆ, ಯಾವ ಬಿಸಿಗೆ, ಯಾರ ಕಾಲಿಗೆ ಎಂದು ಕೇಳತೊಡಗಿದೆ.

ಗೆಳೆಯರೆಲ್ಲ ತೂತಿನ ಡಿಸ್ಕ್ ಹಾಕಿಸು ಎಂದರು. ಅಲಾಯ್ ಚಕ್ರದೊಳಗೆ ಅದು ಕಾಣುವ ಚೆಂದವೇ ಬೇರೆ. ಹಿಂದೆ ಪ್ಯಾಡುಗಳು ಕಾದಾಗ ಅನಿಲ ಬಿಡುತ್ತಿದ್ದವು, ಅದು ಹೊರಹೋಗಲೆಂದು ತೂತು ಕೊರೆಯುತ್ತಿದ್ದರು. ಈಗಿನ ಪ್ಯಾಡುಗಳಲ್ಲಿ ಆ ತೊಂದರೆ ಬಹಳ ಕಡಿಮೆ. ಮಳೆಯಲ್ಲಿ ನೀರು ಸರಿಸಲು ತೂತು ನೆರವಾಗುತ್ತದೆ, ನಿಜ. ಆದರೆ ಟ್ರ್ಯಾಕಿನಲ್ಲಿ ಮತ್ತೆ ಮತ್ತೆ ಕಾದು ತಣಿದಾಗ ಬಿರುಕು ಶುರುವಾಗುವುದು ಆ ತೂತಿನ ಅಂಚಿನಿಂದಲೇ. ಜೊತೆಗೆ ಕೊರೆದಷ್ಟೂ ಲೋಹ ಕಡಿಮೆ, ಲೋಹ ಕಡಿಮೆಯಾದಷ್ಟೂ ಶಾಖ ಹೀರುವ ಶಕ್ತಿ ಕಡಿಮೆ.

ಎರಡನೆಯದು ಗೆರೆ ಕೊರೆದ ಡಿಸ್ಕ್. ಗೆರೆಯ ಅಂಚು ಪ್ಯಾಡಿನ ಮುಖವನ್ನು ಕೆರೆದು ಸದಾ ಶುಚಿಯಾಗಿಡುತ್ತದೆ. ತೂತಿನಷ್ಟು ಬಿರುಕಿನ ಭಯವಿಲ್ಲ. ಟ್ರ್ಯಾಕೇ ಮುಖ್ಯ ಎನ್ನುವವರಿಗೆ ಒಳ್ಳೆಯದು. ಆದರೆ ಪ್ಯಾಡ್ ಬೇಗ ಸವೆಯುತ್ತದೆ, ಬ್ರೇಕ್ ಹಿಡಿದಾಗ ಸಣ್ಣಗೆ ಸದ್ದೂ ಬರಬಹುದು. ಮೂರನೆಯದು ದೊಡ್ಡ ಅಳತೆಯ ಡಿಸ್ಕ್ ಮತ್ತು ದೊಡ್ಡ ಕ್ಯಾಲಿಪರ್. ಅದಕ್ಕೆ ತಕ್ಕ ಚಕ್ರವೂ ಬೇಕು. ಅದಕ್ಕಿಂತ ಮುಖ್ಯವಾಗಿ, ಮುಂದೆ ಮತ್ತು ಹಿಂದೆ ಬ್ರೇಕ್ ಹಂಚಿಕೊಳ್ಳುವ ಪ್ರಮಾಣವನ್ನು ಕಂಪನಿ ಲೆಕ್ಕ ಹಾಕಿ ಇಟ್ಟಿರುತ್ತದೆ, ಅದು ಏರುಪೇರಾಗುತ್ತದೆ. ಕಾರ್ಬನ್ ಸೆರಾಮಿಕ್ ಡಿಸ್ಕ್ ನಮ್ಮಂಥವರ ಮಾತಲ್ಲ, ಅದರ ಬೆಲೆಗೆ ನಮ್ಮ ಇಡೀ ಕಾರೇ ಬಂದೀತು.

ಉಳಿದದ್ದು ಸಾದಾ ಡಿಸ್ಕ್. ಬೀಡು ಕಬ್ಬಿಣದ್ದು, ನಡುವೆ ಗಾಳಿಯಾಡಲು ಸಂದುಗಳಿರುವಂಥದ್ದು, ಕಂಪನಿ ಹೇಳಿದ ಅಳತೆಯದೇ. ಮಿಶ್ರಣದಲ್ಲಿ ಕಾರ್ಬನ್ ಸ್ವಲ್ಪ ಹೆಚ್ಚಿರುವ ಬೀಡು ಸಿಕ್ಕರೆ ಶಾಖ ಚೆನ್ನಾಗಿ ಹರಡುತ್ತದೆ. ನಾನು ಆರಿಸಿದ್ದು ಇದನ್ನೇ. ಅಮ್ಮ ಬೆಳಿಗ್ಗೆ ಮೊದಲ ಬಾರಿಗೆ ಬ್ರೇಕ್ ಒತ್ತಿದಾಗ ತಣ್ಣಗಿನ ಡಿಸ್ಕ್ ಕೂಡಲೇ ಹಿಡಿಯಬೇಕು. ಶಾಲೆಯ ಮುಂದೆ ಮಗುವೊಂದು ರಸ್ತೆಗೆ ಓಡಿಬಂದರೆ, ಪ್ಯಾಡ್ ಕಾಯುವವರೆಗೆ ಇರು ಎನ್ನಲಾಗುವುದಿಲ್ಲ. ಬಿಸಿಯಾದ ಮೇಲಷ್ಟೇ ಕಚ್ಚುವ ರೇಸಿಂಗ್ ಪ್ಯಾಡನ್ನು ಹಾಗಾಗಿ ಮೊದಲೇ ಬಿಟ್ಟೆ. ರಸ್ತೆಗೂ ಸಲ್ಲುವ, ಸಾಮಾನ್ಯಕ್ಕಿಂತ ಹೆಚ್ಚು ಬಿಸಿ ತಡೆಯುವ ಪ್ಯಾಡ್ ಆಯ್ದುಕೊಂಡೆ.

ಡಿಸ್ಕಿನಲ್ಲಿ ಉಳಿಸಿದ ಹಣ ಬ್ರೇಕ್ ಆಯಿಲ್‌ಗೆ ಹೋಯಿತು. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಎಂಥ ಡಿಸ್ಕ್ ಇದ್ದರೂ ಆಗ ಉಪಯೋಗವಿಲ್ಲ. ನಮ್ಮ ದಾರಿಯಲ್ಲಿ ಇದು ಟ್ರ್ಯಾಕಿಗಿಂತ ಮೊದಲೇ ಎದುರಾಗಬಹುದು. ಚಾಮರಾಜನಗರ ದಾಟಿ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ!

ಗ್ಯಾರೇಜಿನ ಅಣ್ಣ ಹಳೆಯ ಡಿಸ್ಕಿಗೆ ಮೈಕ್ರೋಮೀಟರ್ ಹಿಡಿದು ತೋರಿಸಿದರು. ಪ್ರತಿ ಡಿಸ್ಕಿನ ಮೇಲೂ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೊರೆದಿರುತ್ತದೆ. ನಮ್ಮದು ಆ ಗೆರೆಗೆ ಬಂದು ಮುಟ್ಟಿತ್ತು, ಲೇತ್‌ಗೆ ಹಾಕಿ ಮುಖ ತೆಗೆಸಲು ಲೋಹವೇ ಉಳಿದಿರಲಿಲ್ಲ. ಹೊಸದು ಕೂರಿಸುವ ಮೊದಲು ಅವರು ಹಬ್‌ನ ತುಕ್ಕನ್ನು ಅರ್ಧ ಗಂಟೆ ಉಜ್ಜಿದರು. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ವಾಲಾಡಿ ಮುಂದೆ ಪೆಡಲ್ ನಡುಗುತ್ತದಂತೆ. ಆಮೇಲೆ ಖಾಲಿ ರಸ್ತೆಯಲ್ಲಿ ಪೂರ್ತಿ ನಿಲ್ಲಿಸದೆ ಹತ್ತಾರು ಬಾರಿ ಹದವಾಗಿ ಬ್ರೇಕ್ ಹಿಡಿದು ಬಿಟ್ಟು, ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುವಂತೆ ಮಾಡಿದೆವು.

ಆಕಾಶಕ್ಕೂ ಮುಂಚಿತವಾಗಿ

ಲ್ಯಾಂಚೆಸ್ಟರ್‌ಗೆ ಮುಂಚಿತವಾಗಿ ಹುಟ್ಟುವುದು ಅಭ್ಯಾಸವೇ ಆಗಿತ್ತೇನೋ. ರೈಟ್ ಸಹೋದರರು ಹಾರುವುದಕ್ಕೆ ವರ್ಷಗಳ ಮೊದಲೇ, ವಿಮಾನದ ರೆಕ್ಕೆ ಮೇಲೇಳುವುದು ಹೇಗೆ ಎಂದು ಆತ ಬರೆದ. ರೆಕ್ಕೆಯ ತುದಿಯಲ್ಲಿ ಗಾಳಿಯ ಸುಳಿ ಏಳುತ್ತದೆಂದು ಕಂಡುಕೊಂಡ. 1897ರಲ್ಲಿ ಆ ಪ್ರಬಂಧವನ್ನು ಲಂಡನ್ನಿನ ಫಿಸಿಕಲ್ ಸೊಸೈಟಿ ತಿರಸ್ಕರಿಸಿತು. ಹತ್ತು ವರ್ಷ ಕಾದು 1907 ಮತ್ತು 1908ರಲ್ಲಿ ಅದನ್ನೇ ಬೆಳೆಸಿ ಎರಡು ಪುಸ್ತಕ ಮಾಡಿದ. ಮುಂದೆ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಇದೇ ಹಾದಿಯಲ್ಲಿ ಗಣಿತವನ್ನು ಕಟ್ಟಿ ಪ್ರಸಿದ್ಧನಾದ. ಈಗ ವಿಮಾನಗಳ ರೆಕ್ಕೆಯ ತುದಿ ಮೇಲಕ್ಕೆ ಬಾಗಿರುವುದನ್ನು ನೋಡಿರುತ್ತೀರಿ. ರೆಕ್ಕೆಯ ತುದಿಗೆ ಅಂಥ ತಡೆಹಲಗೆ ಇಡುವ ಆಲೋಚನೆಗೂ ಈತನ 1897ರ ಪೇಟೆಂಟ್ ಇದೆ.

ಮೊದಲ ಮಹಾಯುದ್ಧದ ಹೊತ್ತಿಗೆ ಸೇನೆಗಳ ಬಲಾಬಲಕ್ಕೂ ಲೆಕ್ಕ ಹಾಕಿದ. ಗುಂಡಿನ ಕಾಳಗದಲ್ಲಿ ಎರಡರಷ್ಟು ಸಂಖ್ಯೆ ಇದ್ದವರಿಗೆ ನಾಲ್ಕರಷ್ಟು ಬಲ ಬರುತ್ತದೆ ಎಂಬ ಅವನ ವರ್ಗ ನಿಯಮವನ್ನು ಇಂದಿಗೂ ಓದುತ್ತಾರೆ. 1922ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ. ಡಿಗ್ರಿ ಇಲ್ಲದವನಿಗೆ ಅದು ಸಣ್ಣ ಮನ್ನಣೆಯಲ್ಲ.

ಆದರೆ ಹಣ ಅವನ ಕೈಯಲ್ಲಿ ನಿಲ್ಲಲಿಲ್ಲ. ಕಾರಿಗೆ ಬೇಕಾದಷ್ಟು ಬೇಡಿಕೆಯಿದ್ದರೂ ಬಂಡವಾಳ ಸಾಲದೆ 1904ರಲ್ಲೇ ಅವನ ಕಂಪನಿ ದಿವಾಳಿಯ ಅಂಚಿಗೆ ಬಂದು ಬೇರೆ ರೂಪ ತಾಳಿತ್ತು. ಮುಂದೆ ಡೈಮ್ಲರ್ ಕಂಪನಿಗೆ ಸಲಹೆಗಾರನಾಗಿದ್ದ. ಆ ಒಪ್ಪಂದವೂ ಮುಗಿಯಿತು. 1925ರಲ್ಲಿ ಸ್ವಂತ ಪ್ರಯೋಗಾಲಯ ತೆರೆದು ಧ್ವನಿವರ್ಧಕ, ರೇಡಿಯೊ ಮಾಡಿದ. ಪಾರ್ಕಿನ್ಸನ್ ಕಾಯಿಲೆ ಹಿಡಿದು 1934ರಲ್ಲಿ ಅದನ್ನೂ ಮುಚ್ಚಬೇಕಾಯಿತು. ಕಣ್ಣಿಗೆ ಪೊರೆ ಬಂತು. ನಕ್ಷೆ ಬರೆದ ಕೈ ನಡುಗತೊಡಗಿತು. ಹೆಂಡತಿ ಡೊರೊಥಿಯಾ ಜೊತೆಗಿದ್ದಳು, ಮಕ್ಕಳಿರಲಿಲ್ಲ. ಮನೆ ಉಳಿಸಿಕೊಳ್ಳುವುದೇ ಕಷ್ಟವಾಗಿ ಇತರರ ನೆರವಿನಲ್ಲಿ ದಿನ ದೂಡಿದ. 1946ರ ಮಾರ್ಚ್ 8ರಂದು ಬರ್ಮಿಂಗ್‌ಹ್ಯಾಮಿನ ತನ್ನ ಮನೆಯಲ್ಲೇ ಕಣ್ಣು ಮುಚ್ಚಿದ. ಏಳೇ ವರ್ಷ ಬದುಕಿದ್ದರೆ ಪಕ್ಕದ ಕವೆಂಟ್ರಿಯಲ್ಲಿ ತಯಾರಾದ ಜಾಗ್ವಾರ್ ಲ ಮಾನ್ ಗೆದ್ದದ್ದನ್ನು ಕೇಳಬಹುದಿತ್ತು.

ಇಂದು ಕವೆಂಟ್ರಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅವನ ಹೆಸರಿದೆ. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಮುಂದಿನ ಸಲ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಬೈಕಿನ ಮುಂಚಕ್ರವನ್ನು ಒಮ್ಮೆ ನೋಡಿ. ತೆಳ್ಳನೆಯ ತಟ್ಟೆ, ಅದರ ಅಂಚನ್ನು ಎರಡು ಕಡೆಯಿಂದ ಹಿಡಿದ ಇಕ್ಕಳ. 1902ರಲ್ಲಿ ಲ್ಯಾಂಚೆಸ್ಟರ್ ಯೋಚಿಸಿದ್ದು ಅದನ್ನೇ. ಈಗ ಅದು ಕಿರುಚುವುದಿಲ್ಲ ಅಷ್ಟೆ.